ಎಂಟೂವರೆಯ ಪೂಜೆ, ಐದೂವರೆಯ ಊಟ

ನಂಜನಗೂಡಿನ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತನ್ನು ಸಾಕ್ಷಾತ್ ಶಿವನೇ ಗೊತ್ತು ಮಾಡಿದ್ದಾನೆ ಎಂದು ನಾನು ಮದುವೆಯಾಗಿ ಹದಿನೆಂಟು ವರ್ಷ ನಂಬಿಕೊಂಡಿದ್ದೆ. ಸಂಜೆಯ ಲಿಂಗಪೂಜೆ ಮುಗಿಯದೆ ಯಾರೂ ಬಾಯಿಗೆ ತುತ್ತಿಡುವಂತಿಲ್ಲ. ಮಾವ ಪೂಜೆಗೆ ಕೂರುವುದು ಎಂಟೂವರೆಗೆ. ಅವರು ಎದ್ದ ಮೇಲೆ ಗಂಡಸರ ಊಟ, ಆಮೇಲೆ ಅತ್ತೆಯದು, ಕೊನೆಗೆ ನನ್ನದು. ನನ್ನ ತಟ್ಟೆಗೆ ಮುದ್ದೆ ಬೀಳುವಾಗ ಹತ್ತು ಗಂಟೆ. ಮುದ್ದೆಯ ಮೇಲೆ ಅನ್ನ, ಅನ್ನದ ಮೇಲೆ ಮಜ್ಜಿಗೆ, ಅದರ ಮೇಲೊಂದು ರಸಬಾಳೆ, ಅದರ ಮೇಲೆ ನಿದ್ದೆ. ಹೀಗೆ ಒಂದರ ಮೇಲೊಂದು ಹೇರಿಕೊಂಡು ನಾನು ಎಪ್ಪತ್ತೆಂಟು ಕಿಲೋ ಆದೆ.

ದಪ್ಪಗಾದದ್ದಕ್ಕೆ ನನಗೇನೂ ಬೇಸರವಿರಲಿಲ್ಲ. ನರಸೀಪುರದ ಶಾಲೆಯಲ್ಲಿ ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುವವಳು ಸ್ವಲ್ಪ ಗಾತ್ರವಿದ್ದರೇ ಹಿಂದಿನ ಬೆಂಚು ಸುಮ್ಮನಿರುವುದು. ಹೆದರಿದ್ದು ರಕ್ತಪರೀಕ್ಷೆಯ ಚೀಟಿ ಬಂದ ದಿನ.

"ಸಕ್ಕರೆ ಬಾಗಿಲಿಗೆ ಬಂದು ನಿಂತಿದೆ ಮೇಡಂ" ಎಂದರು ಡಾಕ್ಟರಮ್ಮ. "ರಾತ್ರಿ ಊಟ ಎಷ್ಟೊತ್ತಿಗೆ?"

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಹೊತ್ತು ಮುಳುಗಿದ ಮೇಲೆ ಮೈಯೂ ತನ್ನ ಕೆಲಸ ಕಮ್ಮಿ ಮಾಡುತ್ತದೆ, ಏಳಕ್ಕೆ ಉಂಡ ಮುದ್ದೆಯನ್ನು ಸಂಭಾಳಿಸಿದ ಹಾಗೆ ಹತ್ತಕ್ಕೆ ಉಂಡದ್ದನ್ನು ಸಂಭಾಳಿಸಲಾರದು, ಸಕ್ಕರೆ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ ಎಂದು ವಿವರಿಸಿದರು. "ಏಳರೊಳಗೆ ಊಟ ಮುಗ್ಸಿ. ಮೂರು ತಿಂಗಳು ನೋಡೋಣ. ಇಳೀದಿದ್ರೆ ಮಾತ್ರೆ ಶುರು ಮಾಡ್ಲೇಬೇಕು."

ನನ್ನ ತಾಯಿಗೂ ಮಾತ್ರೆಯಿಂದಲೇ ಶುರುವಾಗಿತ್ತು. ಆಮೇಲೆ ಇಂಜೆಕ್ಷನ್ ಬಂತು. ಕೊನೆಗೆ ಎಡಗಾಲಿನ ಎರಡು ಬೆರಳು ಹೋದವು. ಅದು ಮಾತ್ರೆಯ ತಪ್ಪಲ್ಲ ಎಂದು ವಿಜ್ಞಾನದ ಟೀಚರಿಗೆ ಗೊತ್ತು. ಆದರೆ ಆ ಕಾಲಿಗೆ ಬಟ್ಟೆ ಸುತ್ತಿದ ಮಗಳೂ ನಾನೇ ತಾನೇ? ಮಾತ್ರೆ ಎಂದ ಕೂಡಲೇ ನನಗೆ ಕಂಡದ್ದು ಆ ಕಾಲೇ.

ಆದರೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ಮಾವನ ಎದುರು ನಿಂತು ಮಾತಾಡಿದವಳಲ್ಲ ನಾನು. ಹಿಂದೆ ನಿಂತು ಬೇಕಾದಷ್ಟು ಆಡಿದ್ದೇನೆ. ನನ್ನ ಸಕ್ಕರೆಗಾಗಿ ನಿಮ್ಮ ದೇವರ ಹೊತ್ತು ಬದಲಿಸಿ ಎನ್ನುವುದು ಹೇಗೆ? ಅದಕ್ಕೇ ಒಂದು ಉಪಾಯ ಹೂಡಿದೆ. ಮಧ್ಯಾಹ್ನದ ಡಬ್ಬಿಯ ಜೊತೆಗೆ ಇನ್ನೊಂದು ಡಬ್ಬಿ: ಎರಡು ರಾಗಿ ರೊಟ್ಟಿ, ಹುರುಳಿಕಾಳಿನ ಪಲ್ಯ. ಸಂಜೆ ಬಸ್ಸು ನರಸೀಪುರ ದಾಟಿ ಒಂದಷ್ಟು ದೂರ ಬಂದ ಮೇಲೆ, ಸುಮಾರು ಐದೂವರೆಗೆ, ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು "ಸ್ವಾಮಿ, ಇವತ್ತು ಬಸ್ಸಲ್ಲೇ" ಎಂದು ಕ್ಷಮೆ ಕೇಳಿ, ಕಿಟಕಿಯ ಕಡೆ ತಿರುಗಿ ಉಂಡುಬಿಡುತ್ತಿದ್ದೆ.

ದಿನಾ ನೋಡುತ್ತಿದ್ದ ಕಂಡಕ್ಟರ್ ಒಂದು ದಿನ ತಡೆಯಲಾರದೆ ಕೇಳಿದ: "ಏನ್ ಮೇಡಂ, ಮನೇಲಿ ಊಟ ಆಕಲ್ವಾ?"

"ಹಾಕ್ತಾರೆ ಕಣಪ್ಪ. ಅದೇ ತಾಪತ್ರಯ."

ತಾಪತ್ರಯವೇ ಸರಿ. ಪೂಜೆಯಾದ ಮೇಲೆ ಬಡಿಸುವ ಊಟ ನಮ್ಮಲ್ಲಿ ಪ್ರಸಾದ. ಬೇಡ ಎನ್ನುವಂತಿಲ್ಲ, ಬಿಡುವಂತಿಲ್ಲ. ತಟ್ಟೆ ತೊಳೆದ ನೀರನ್ನೂ ಕುಡಿಯುವ ಮನೆ ನಮ್ಮದು. "ಹಸಿವಿಲ್ಲ ಅತ್ತೆ" ಎಂದ ಮೊದಲ ದಿನ ಅತ್ತೆ ಹಣೆ ಮುಟ್ಟಿ ನೋಡಿದರು. ಎರಡನೇ ದಿನ ದೃಷ್ಟಿ ತೆಗೆದರು. ಮೂರನೇ ದಿನ "ನೆನ್ನೆ ಮೊನ್ನೆದೂ ಸೇರ್ಸಿ ಉಣ್ಣು ಮಗ" ಎಂದು ಅರ್ಧ ಮುದ್ದೆ ಜಾಸ್ತಿ ಹಾಕಿದರು. ನಾಲ್ಕನೇ ದಿನದಿಂದ ನಾನು ತಕರಾರಿಲ್ಲದೆ ಉಂಡೆ.

ಆರು ವಾರ ಕಳೆದು ತೂಕ ನೋಡಿದರೆ ಎಂಬತ್ತು! ಡಾಕ್ಟರಮ್ಮನ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ನಗಲೂ ಇಲ್ಲ. "ನೀವು ಊಟದ ಟೈಮ್ ಬದಲಾಯ್ಸಿಲ್ಲ ಮೇಡಂ, ಇನ್ನೊಂದು ಊಟ ಸೇರಿಸ್ಕೊಂಡಿದ್ದೀರಿ. ಉಳಿದಿರೋದು ಆರೇ ವಾರ." ಜೀರ್ಣಕ್ರಿಯೆಯ ಪಾಠ ಒಪ್ಪಿಸದ ಮಕ್ಕಳನ್ನು ಎದ್ದು ನಿಲ್ಲಿಸುವವಳು ನಾನು. ಅಂದು ನನ್ನನ್ನೇ ಯಾರಾದರೂ ನಿಲ್ಲಿಸಬೇಕಿತ್ತು.

ಆ ವಾರದಲ್ಲೇ ಒಂದು ಸಂಜೆ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಲ್ಲಲು ಜಾಗ ಸಿಕ್ಕಿದ್ದೇ ಹೆಚ್ಚು. ಡಬ್ಬಿ ಬಿಚ್ಚಲಾಗಲಿಲ್ಲ. ಉಗ್ರಾಣದಲ್ಲಿ ಕದ್ದು ಉಂಡರಾಯಿತು ಎಂದು ಹಿತ್ತಲ ಕಡೆಯಿಂದ ಬಂದು, ಸದ್ದಾಗದಂತೆ ಕದ ತಳ್ಳಿದೆ. ರಾಗಿ ಮೂಟೆಯ ಮೇಲೆ ಅತ್ತೆ ಕೂತಿದ್ದರು. ಮಡಿಲಲ್ಲಿ ಬೆಲ್ಲ ಕಲಸಿದ ಅವಲಕ್ಕಿಯ ತಟ್ಟೆ, ಎರಡೂ ಕೆನ್ನೆ ಉಬ್ಬಿವೆ. ಅವರು ನನ್ನ ಡಬ್ಬಿ ನೋಡಿದರು. ನಾನು ಅವರ ತಟ್ಟೆ ನೋಡಿದೆ.

ಮೊದಲು ನುಂಗಿಕೊಂಡವರು ಅವರೇ. "ಕದ ಆಕು, ಬೆಕ್ಕು ಬತ್ತದೆ" ಎಂದರು.

"ಎಷ್ಟು ದಿನದಿಂದ ಅತ್ತೆ?"

"ನಿನ್ ಗಂಡ ಒಟ್ಟೇಲಿದ್ದಾಗ್ಲಿಂದ. ಅಸಿವು ತಡೀನಾರ್ದೆ ಸುರು ಮಾಡ್ದೆ ಕಣವ್ವ. ಆಮೇಲೆ ಅದೇ ಅಭ್ಯಾಸ ಆಗೋಯ್ತು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ನಕ್ಕೆವು. ನಗುತ್ತಲೇ ನಾನು ಸಕ್ಕರೆ, ಬಸ್ಸು, ಮಾತ್ರೆ, ಶಿವ ಗೊತ್ತು ಮಾಡಿದ ಹೊತ್ತನ್ನು ಮುಟ್ಟಲು ಹೆದರಿದ್ದು ಎಲ್ಲ ಹೇಳಿದೆ. ಅಮ್ಮನ ಕಾಲಿನ ಮಾತು ಬಂದಾಗ ಅತ್ತೆ ತಟ್ಟೆ ಕೆಳಗಿಟ್ಟರು.

"ಶಿವ ಯಾವಾಗ ಎಂಟೂವರೆ ಅಂದ್ನವ್ವ? ನಾನು ಈ ಮನೆಗ್ ಬಂದಾಗ ನಿಮ್ ಮಾವನ ಅಪ್ಪಾರು ದೀಪ ಅಚ್ಚೋ ಒತ್ಗೇ ಪೂಜೆ ಮುಗಿಸೋರು. ನಿಮ್ ಮಾವ ದಿನ್ಸಿ ಅಂಗ್ಡಿ ಇಟ್ರಲ್ಲ, ಎಂಟಕ್ಕೆ ಬಾಗ್ಲಾಕಿ ಬರೋರು. ಅದ್ಕೇ ಎಂಟೂವರೆ."

ಮಾವ ಅಂಗಡಿಯನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟು ಒಂಬತ್ತು ವರ್ಷವಾಗಿತ್ತು. ಆ ಒಂಬತ್ತೂ ವರ್ಷ ಅವರು ಸಂಜೆಯಿಡೀ ಜಗಲಿಯ ಮೇಲೆ ಕೂತು, ಆಕಳಿಸುತ್ತಾ, ಗಡಿಯಾರ ನೋಡುತ್ತಾ, ಎಂಟೂವರೆಯಾಗಲಿ ಎಂದು ಕಾಯುತ್ತಿದ್ದರು. ನಾನದನ್ನು ಭಕ್ತಿ ಎಂದುಕೊಂಡಿದ್ದೆ.

ಅತ್ತೆ ಸೆರಗು ಸಿಕ್ಕಿಸಿಕೊಂಡು ನೇರ ಜಗಲಿಗೆ ಹೋದರು. "ಏಳಿ, ನೀರು ಕಾದದೆ. ಮಿಂದು ಪೂಜೆಗೆ ಕೂತ್ಕಳಿ."

"ಈಗ್ಲೇ? ಅಂಗ್ಡಿ ಬಾಗ್ಲು..." ಎಂದ ಮಾವ ಅಲ್ಲಿಗೇ ನಿಲ್ಲಿಸಿದರು.

"ಅಂಗ್ಡಿ ಎಲ್ಲದೆ? ಸೊಸೆ ಕಾಲಿನ್ ಬೆರಳು ಓದ್ರೆ ನಿಮ್ ಅಂಗ್ಡಿ ತಂದ್ಕೊಟ್ಟದಾ?"

ಮಾವ ತಲೆ ತಗ್ಗಿಸಿ ನನ್ನ ಪಾದಗಳನ್ನು ನೋಡಿದರು. ಟವಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದರು. ಅಂದು ಏಳಕ್ಕೆ ಮುಂಚೆ ಎಲ್ಲರದ್ದೂ ಊಟವಾಯಿತು, ಒಟ್ಟಿಗೇ. ಇಷ್ಟು ಹೊತ್ತು ಮುಂಚೆ ಉಂಡು ಮುಂದೇನು ಮಾಡುವುದೆಂದು ತಿಳಿಯದೆ ಮಾವ ಬೀದಿಯ ಕೊನೆಯವರೆಗೆ ನಾಲ್ಕು ಸಲ ಹೋಗಿ ಬಂದರು. ಈಗಂತೂ ಮನೆಗೆ ಬಂದವರಿಗೆಲ್ಲ "ಒತ್ತು ಮುಳುಗೋದ್ರೊಳ್ಗೆ ಉಣ್ಬೇಕು ಕಣ್ರೀ, ಎದೆ ಉರಿ ಅನ್ನೋದೇ ಇರಾಕಿಲ್ಲ" ಎಂದು ತಾವೇ ಕಂಡುಹಿಡಿದವರಂತೆ ಉಪದೇಶ ಮಾಡುತ್ತಾರೆ.

ಮೂರು ತಿಂಗಳ ಚೀಟಿ ಬಂತು. ತೂಕ ಎಪ್ಪತ್ತೈದು. ಸಕ್ಕರೆ ಒಂದು ಮೆಟ್ಟಿಲು ಕೆಳಗಿಳಿದಿದೆ, ಸದ್ಯಕ್ಕೆ ಮಾತ್ರೆ ಬೇಡ ಎಂದರು ಡಾಕ್ಟರಮ್ಮ. ಅಲ್ಲೇ ಕಣ್ಣಲ್ಲಿ ನೀರು ಬಂತು. ಓಡೋಡಿ ಬಂದು ಮೊದಲು ಅತ್ತೆಗೆ ಹೇಳಿದೆ. ಅವರು ಅಡುಗೆಮನೆಯಲ್ಲಿ ಕೂತು, ಉಗ್ರಾಣದಿಂದ ತಂದ ಅವಲಕ್ಕಿ ಡಬ್ಬಿಯನ್ನು ತೊಳೆದು ಒರೆಸುತ್ತಿದ್ದರು. ಚೀಟಿಯನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ಎರಡೂ ಕಡೆ ತಿರುಗಿಸಿ ನೋಡಿ, ನಕ್ಕರು.

"ನಂಗೂ ಆವತ್ತು ಈ ಸಕ್ರೆ ಬಂದಿದ್ರೆ ಚೆನ್ನಾಗಿರೋದು ಕಣವ್ವ. ಬಸುರಿ ಎಂಗ್ಸು ಅಸಿವು ಅಂದ್ರೆ ಯಾರೂ ಕೇಳ್ಲಿಲ್ಲ. ಸಕ್ರೆ ಅಂದಿದ್ರೆ ಕೇಳೋರೇನೋ."