ಜೇಬಿಲ್ಲದ ಚೀಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಒಂದು ಅಂಗಡಿಯ ಬಾಗಿಲು ಅರ್ಧ ಮೇಲೆದ್ದಿದೆ. ಅದರಡಿಯಿಂದ ಹೊಲಿಗೆ ಯಂತ್ರದ ಸದ್ದು ಹೊರಗೆ ಬರುತ್ತಿದೆ. ಬಗ್ಗಿ ಒಳಗೆ ನುಸುಳಿದರೆ, ದಪ್ಪ ಬಟ್ಟೆಯ ಸುರುಳಿಗಳ ನಡುವೆ ಕೂತ ಹೆಂಗಸು ಕನ್ನಡಕದ ಮೇಲಿಂದ ನನ್ನ ಖಾಲಿ ಕೈಗಳನ್ನು ನೋಡುತ್ತಾರೆ.

"ಬೂಟೆಲ್ಲಿ?"

ನಾನು ಪತ್ರಿಕೆಯವನು, ಮಾತಾಡಿಸಲು ಬಂದವನು ಎನ್ನುತ್ತೇನೆ. "ಓ, ನೀವಾ! ಕೂತ್ಕೊಳಿ. ಆ ಬಟ್ಟೆ ಮೇಲಲ್ಲ ಮಾರಾಯ್ರೇ, ಈ ಕಡೆ."

ಊರಿಗೆಲ್ಲ ಇವರು ಚೀಲದಕ್ಕ. ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆಂದು ವಿಮಾನ ಹತ್ತುವವರಿಗೆ ಬೂಟಿನ ಚೀಲ ಹೊಲಿದು ಕೊಡುವುದು ಇವರ ಕಸುಬು. ಇದೂ ಒಂದು ಕಸುಬೇ ಎಂದು ನೀವು ಹುಬ್ಬೇರಿಸಬಹುದು. ನಾನೂ ಏರಿಸಿದ್ದೆ. ಆ ಬೂಟನ್ನು ಕೈಯಲ್ಲಿ ಹಿಡಿದ ಮೇಲೆ ಹುಬ್ಬು ತಾನಾಗಿ ಕೆಳಗಿಳಿಯಿತು. ಕಲ್ಲಿನಂಥ ಭಾರ, ಎಲ್ಲಿ ಒತ್ತಿದರೂ ಬಗ್ಗದ ಪ್ಲಾಸ್ಟಿಕ್, ಮೈತುಂಬ ಲೋಹದ ಕೊಕ್ಕೆಗಳು. ಮಾಮೂಲಿ ಚೀಲಕ್ಕೆ ಹಾಕಿದರೆ ಅದು ಚೀಲವನ್ನೇ ತಿಂದುಹಾಕುತ್ತದೆ.

"ಕಾಲಿಗೆ ಕಟ್ಟೋ ಹಲಗೆ ಹೋದಲ್ಲೇ ಬಾಡಿಗೆಗೆ ಸಿಗತ್ತೆ, ಕೋಲೂ ಸಿಗತ್ತೆ. ಪಂದ್ಯಕ್ಕೆ ಇಳಿಯೋರಿಗೆ ಬೂಟು ಮಾತ್ರ ಅವರವರದ್ದೇ ಆಗ್ಬೇಕು. ಬಿಸಿ ಮಾಡಿ ಕಾಲಿನ ಅಚ್ಚಿಗೆ ಕೂರಿಸಿರ್ತಾರೆ. ಇನ್ನೊಬ್ಬರದ್ದು ಹಾಕಿದ್ರೆ ಕಾಲು ಅಳತ್ತೆ," ಎನ್ನುತ್ತಾರೆ ಚೀಲದಕ್ಕ. "ಅದಕ್ಕೇ ಅದನ್ನ ವಿಮಾನದ ಹೊಟ್ಟೆಗೆ ಹಾಕ್ಬಾರ್ದು. ಕೈಯಲ್ಲೇ ಒಯ್ಬೇಕು."

ಮಾತಿನ ನಡುವೆ ಕಣ್ಣು ಪದೇ ಪದೇ ಯಂತ್ರದ ಪಕ್ಕದ ಮೊಬೈಲಿನತ್ತ ಹೋಗುತ್ತಿದೆ. ಅವರ ಮಗಳು ಮೊದಲ ಬಸ್ಸಿಗೇ ವಿಮಾನ ನಿಲ್ದಾಣಕ್ಕೆ ಹೊರಟಿದ್ದಾಳೆ. ದೂರದ ಊರಲ್ಲಿ ಸ್ಕೀ ಪಂದ್ಯ. ಹೆಗಲಲ್ಲಿರುವುದು ಅಮ್ಮ ಹೊಲಿದ ಚೀಲ. ನಿಲ್ದಾಣದಲ್ಲಿ ಕಬ್ಬಿಣದ ಚೌಕಟ್ಟೊಂದಿದೆ. ಚೀಲ ಅದರೊಳಗೆ ಇಳಿದರೆ ಪ್ರಯಾಣಿಕರ ಜೊತೆ, ಇಳಿಯದಿದ್ದರೆ ಸಾಮಾನಿನ ಜೊತೆ. ಅದೇ ಅಳತೆಯ ಮರದ ಚೌಕಟ್ಟು ಈ ಅಂಗಡಿಯ ಮೂಲೆಯಲ್ಲೂ ಇದೆ. ವಿಮಾನ ನಿಲ್ದಾಣದಲ್ಲೇ ಸಾಮಾನು ಹೊರುವ ಇವರ ಯಜಮಾನರು ಮಾಡಿಕೊಟ್ಟದ್ದು.

ಯಜಮಾನರಿಗೆ ಇವತ್ತು ಮಧ್ಯಾಹ್ನದ ಪಾಳಿ. ಹಿಂದೆ ಕೂತು ಪಟ್ಟಿ ಕತ್ತರಿಸುತ್ತಿದ್ದಾರೆ, ಎಂದರೆ ಬೈಸಿಕೊಳ್ಳುತ್ತಿದ್ದಾರೆ. "ಚಕ್ರ ಹಾಕು ಅಂತ ಎಷ್ಟು ಹೇಳಿದ್ರೂ ಇವಳು ಕೇಳಲ್ಲ," ಎಂದು ನನ್ನ ಬಳಿ ದೂರುತ್ತಾರೆ. "ಚಕ್ರಕ್ಕೆ ಬೇಡ್ವಾ ಜಾಗ? ಅದನ್ನ ನಿಮ್ಮ ತಲೆ ಮೇಲೆ ಇಟ್ಕೊತೀರಾ?" ಎಂದು ಹೆಂಡತಿ.

ಬೂಟು ತಾರದವರಿಗೆ ಇಲ್ಲಿ ಚೀಲ ಇಲ್ಲ. ಬೆಳಗಾಗುತ್ತಲೇ ದಪ್ಪ ಕೋಟಿನ ಗಿರಾಕಿಯೊಬ್ಬರು ತಮಗೆಂದು ಹೊಲಿದಿಟ್ಟ ಚೀಲ ಒಯ್ಯಲು ಬೂಟು ಹಿಡಿದು ಬಂದಿದ್ದಾರೆ. ಚೀಲದಕ್ಕ ಅವರ ಬೂಟಿನ ಕೊಕ್ಕೆಗಳನ್ನು ಒಂದೊಂದಾಗಿ ಮುಚ್ಚುತ್ತಾರೆ. ತೆರೆದ ಕೊಕ್ಕೆ ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತದಂತೆ. ಆಮೇಲೆ ಒಂದರ ಮೂಗಿನ ಪಕ್ಕ ಇನ್ನೊಂದರ ಹಿಮ್ಮಡಿ ಬರುವಂತೆ ಬೂಟುಗಳನ್ನು ಜೋಡಿಸುತ್ತಾರೆ.

"ಎರಡರ ಮೂಗೂ ಒಂದೇ ಕಡೆ ಇಟ್ರೆ ಚೀಲ ಬಾತ್ಕೊಳತ್ತೆ. ಜಗಳ ಆಡಿದ ಗಂಡ ಹೆಂಡ್ತಿ ಹಾಗೆ ಮಲಗಿಸ್ಬೇಕು. ಒಬ್ರ ತಲೆ ಇತ್ಲಾಗೆ, ಇನ್ನೊಬ್ರದ್ದು ಅತ್ಲಾಗೆ. ಮಧ್ಯ ಒಂದು ಗೋಡೆ."

"ಅನುಭವದ ಮಾತು, ಬರ್ಕೊಳಿ," ಹಿಂದಿನಿಂದ ಯಜಮಾನರ ದನಿ.

ಗಿರಾಕಿ ಚೀಲವನ್ನು ತಿರುವಿ ತಿರುವಿ ನೋಡುತ್ತಾರೆ. "ಜೇಬಿಲ್ವಾ ಅಕ್ಕ?"

"ಇಲ್ಲ."

"ಒಂದು ಪುಟ್ಟದು?"

"ಪುಟ್ಟದೂ ಇಲ್ಲ. ಬೂಟೇ ಎರಡು ದೊಡ್ಡ ಜೇಬು ಕಣಪ್ಪ. ಸಾಕ್ಸು, ಕೈಗವಸು ಎಲ್ಲಾ ಅದರೊಳಗೆ ತುರುಕು."

ಗಿರಾಕಿ ಚೀಲ ಹೆಗಲಿಗೇರಿಸುತ್ತಾರೆ. ಪಕ್ಕದ ಮೆಟ್ಟಿಲು ಹತ್ತಿ ಇಳಿಯುವ ಪರೀಕ್ಷೆ ಬಾಕಿ ಇದೆ. ಪಟ್ಟಿ ಹೆಗಲನ್ನು ಕಚ್ಚಿದರೆ ಚೀಲದಕ್ಕ ಅಲ್ಲೇ ಬಿಚ್ಚಿ ಸರಿಮಾಡಿಕೊಡುತ್ತಾರೆ. ಗಿರಾಕಿ ಮೆಟ್ಟಿಲತ್ತ ಹೋದಾಗ ಜೇಬಿನ ಮೇಲೆ ಯಾಕಿಷ್ಟು ಸಿಟ್ಟು ಎಂದು ಕೇಳುತ್ತೇನೆ. ಆಗಲೇ ಮುಂದಿನ ಚೀಲಕ್ಕೆ ಕೂತಿದ್ದ ಚೀಲದಕ್ಕ ಯಂತ್ರ ನಿಲ್ಲಿಸುತ್ತಾರೆ.

ಮೊದಲು ಅವರು ಶಾಲೆಯ ಚೀಲ ಹೊಲಿಯುತ್ತಿದ್ದರು. ಊರಾಚೆ ಹಿಮ ಬೀಳುವ ಗುಡ್ಡದ ಮೇಲೆ ಸ್ಕೀ ಬಾಡಿಗೆ ಕೊಡುವ ಅಂಗಡಿಗೆ ಕೆಲಸಕ್ಕೆ ಸೇರಿದ ಮಗಳು ಬಿಡುವಿನಲ್ಲಿ ಜಾರಲು ಕಲಿತಳು. ನೋಡನೋಡುತ್ತಿದ್ದಂತೆ ಕಲಿಸಿದವರನ್ನೇ ಹಿಂದೆ ಹಾಕಿದಳು. ಹೋದ ಚಳಿಗಾಲದಲ್ಲಿ ಮೊದಲ ಪಂದ್ಯ, ಮೊದಲ ವಿಮಾನ. ಅಮ್ಮ ಸಂಭ್ರಮದಿಂದ ಚೀಲ ಹೊಲಿದರು. ಕೈಗವಸಿಗೊಂದು ಜೇಬು, ಕನ್ನಡಕಕ್ಕೊಂದು, ಬುತ್ತಿಗೊಂದು, ಏನಕ್ಕೂ ಇರಲಿ ಅಂತ ಇನ್ನೊಂದು. ಎಲ್ಲ ತುಂಬಿದ ಚೀಲ ಚೌಕಟ್ಟಿಗೆ ಇಳಿಯಲಿಲ್ಲ. ಸಾಮಾನಿನ ಜೊತೆ ಹೋಯಿತು, ದಾರಿ ತಪ್ಪಿ ಬೇರೆ ಯಾವುದೋ ಊರಿಗೆ ಹೋಯಿತು. ಬಾಡಿಗೆ ಬೂಟು ಹಾಕಿ ನೋಡಿದ ಮಗಳ ಕಾಲು ಊದಿಕೊಂಡಿತು. ಪಂದ್ಯದ ದಿನ ಅವಳು ಬೇಲಿಯ ಹೊರಗೆ ನಿಂತು ಉಳಿದವರು ಜಾರುವುದನ್ನು ನೋಡಿದಳು.

"ಪ್ರೀತಿ ಜಾಸ್ತಿಯಾಗಿ ಜೇಬು ಹೊಲಿದೆ ನಾನು," ಎನ್ನುತ್ತಾರೆ ಚೀಲದಕ್ಕ. "ಮನೇಲಿ ಯಾರೂ ಬೈಲಿಲ್ಲ. ಅವಳೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಪಂದ್ಯ ಮುಗಿದ ಮೇಲೆ ಮರಳಿ ಬಂದ ಆ ಚೀಲದಿಂದ ಬಿಚ್ಚಿದ ಜೇಬುಗಳು ಈಗ ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿವೆ. ಒಂದರಲ್ಲಿ ನೂಲು, ಒಂದರಲ್ಲಿ ಕತ್ತರಿ. ಅದಾದ ಮೇಲೆ ಅವರು ಹೊಲಿದದ್ದೆಲ್ಲ ಬೂಟಿನ ಚೀಲವೇ. ದಿನಕ್ಕೆ ಎರಡಾದರೆ ಹೆಚ್ಚು.

ಅಷ್ಟರಲ್ಲಿ ಮೊಬೈಲು ಕುಣಿಯುತ್ತದೆ. ಕೈತುಂಬ ಬಟ್ಟೆ ಹಿಡಿದಿರುವ ಚೀಲದಕ್ಕ ಮೊಣಕೈಯಲ್ಲೇ ಸ್ಪೀಕರ್ ಒತ್ತುತ್ತಾರೆ.

"ಅಮ್ಮಾ, ಹೋಯ್ತು!"

ಅಷ್ಟೇ. ಆಮೇಲೆ ಬರೀ ಗೊರಗೊರ ಸದ್ದು. ಚೀಲದಕ್ಕ ಮೊಬೈಲಿನ ಮೇಲೆ ಬಾಗುತ್ತಾರೆ. ಹಿಂದೆ ಕತ್ತರಿ ನೆಲಕ್ಕೆ ಬಿದ್ದ ಸದ್ದಾಗುತ್ತದೆ.

"ಹೋಯ್ತಾ? ಮತ್ತೆ ಹೋಯ್ತಾ?"

"ಒಳಗೆ ಹೋಯ್ತಮ್ಮಾ! ಚೌಕಟ್ಟಿನೊಳಗೆ! ಸಲೀಸಾಗಿ ಇಳೀತು!"

"ಅದನ್ನ ಮೊದಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೇ ನಿಂಗೆ? ಜೀವ ಬಾಯಿಗೆ ಬಂತು ಇಲ್ಲಿ!" ಬೈಯುತ್ತಲೇ ಕೈಯಲ್ಲಿದ್ದ ಹೊಸ ಬಟ್ಟೆಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ಇನ್ನೊಬ್ಬ ಗಿರಾಕಿಯ ಚೀಲದ ಬಟ್ಟೆ ಅದು, ದಪ್ಪ ಕೋಟಿನವರು ಮೆಟ್ಟಿಲ ಮೇಲಿಂದ ನೋಡಿಯೂ ನೋಡದಂತೆ ನಿಂತಿದ್ದಾರೆ.

"ಜೇಬೊಂದೂ ಇಲ್ಲ, ನೀನು ಕೊಟ್ಟ ಬುತ್ತಿ ಎಲ್ಲಿಡಲಿ?"

"ಹೊಟ್ಟೇಲಿಡು. ಈಗ್ಲೇ ತಿನ್ನು."

ಫೋನಿಟ್ಟ ಮೇಲೆ ಯಜಮಾನರು ತಾವು ಮಾಡಿದ ಮರದ ಚೌಕಟ್ಟನ್ನು ತಟ್ಟಿ, "ಅಳತೆ ಯಾರದ್ದು ಹೇಳು?" ಎಂದು ಬೀಗುತ್ತಾರೆ. ಈ ಸಲ ಅವರಿಗೆ ಬೈಗುಳವಿಲ್ಲ. ಯಂತ್ರ ಮತ್ತೆ ಸದ್ದು ಮಾಡುತ್ತದೆ. ಹೊರಡುವಾಗ ನಾನು ಕೇಳುತ್ತೇನೆ, ಮಗಳು ಗೆದ್ದು ಬರಲಿ ಅಂತ ಆಸೆ ಇರಬೇಕಲ್ಲವೇ?

"ಗೆಲ್ಲೋದು ಬಿಡಿ," ಚೀಲದಕ್ಕ ದಾರ ಕಚ್ಚಿ ಕತ್ತರಿಸುತ್ತಾರೆ. "ಬೇಲಿ ಒಳಗಿದ್ರೆ ಸಾಕು. ಬಿದ್ದರೂ ಪರವಾಗಿಲ್ಲ. ತನ್ನ ಬೂಟಲ್ಲಿ ಬೀಳ್ಲಿ."