ಶಾಂತಾಳ ಕೈ ಕುಣಿದ ದಿನಗಳು

ಮೊದಲು ಕಂಡದ್ದು ತಲಾವಿನ ಹತ್ತಿರ.

ನನ್ನ ಗಂಡ ಬಸ್ ಕಂಡಕ್ಟರ್. ಬೆಳಗಿನ ಡ್ಯೂಟಿ ಇದ್ದ ವಾರ ಅವರು ಮೂರು ಗಂಟೆಗೆಲ್ಲ ಮನೆಗೆ ಬರುತ್ತಿದ್ದರು. ಬಿಸಿಲು ಇಳಿದ ಮೇಲೆ ಅವರು, ನಾನು, ಹತ್ತು ವರ್ಷದ ಮಗಳು ಶಾಂತಾ, ಮೂವರೂ ಚಾಳಿನಿಂದ ಇಳಿದು ಬಾಂದ್ರಾ ತಲಾವಿಗೆ, ಆ ಹಳೆಯ ಕೆರೆಗೆ, ಒಂದು ಸುತ್ತು ಹಾಕಿ ಬರುತ್ತಿದ್ದೆವು. ಇಡೀ ದಿನ ಒಂದೇ ಖೋಲಿಯಲ್ಲಿ ಇದ್ದವಳಿಗೆ ಆ ನೀರು ಕಂಡರೆ ಸಾಕು, ಎದೆ ಹಗುರಾಗುತ್ತಿತ್ತು.

ಆ ಸಂಜೆ ಶಾಂತಾ ಹಿಂದೆ ಉಳಿದಳು. ಕೈಯಲ್ಲಿದ್ದ ಶೇಂಗಾದ ಪೊಟ್ಟಣ ಕೆಳಗೆ ಚೆಲ್ಲಿತು. ಅವರಪ್ಪ ಇನ್ನೊಂದು ಕೊಡಿಸಿದರು. ಅದೂ ಬಿತ್ತು. ಬೈಯೋಣವೆಂದು ತಿರುಗಿದರೆ ಅವಳು ನನ್ನ ಕಡೆ ಮುಖ ಸೊಟ್ಟ ಮಾಡಿ, ಹುಬ್ಬು ಹಾರಿಸಿ, ಭುಜ ಕುಣಿಸುತ್ತಿದ್ದಳು.

“ಯಾರನ್ನ ಅಣಕಸ್ತೀಯಲೇ?” ಎಂದೆ.

“ನಾ ಏನೂ ಮಾಡಿಲ್ಲವ್ವಾ” ಎಂದಳು. ಅನ್ನುತ್ತಲೇ ಮತ್ತೊಮ್ಮೆ ಮುಖ ತಿರುಚಿದಳು.

ನಾನು ಅವಳ ಕೆನ್ನೆಗೆ ಹೊಡೆದೆ.

ಕಟ್ಟೆಯ ಮೇಲೆ ಕೂತವರೆಲ್ಲ ನೋಡಿದರು. ಅವಳು ಅಳಲಿಲ್ಲ. ತನ್ನ ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು ಉಳಿದ ದಾರಿ ನಡೆದಳು. ಯಾಕೆ ಹಾಗೆ ಹಿಡಿದುಕೊಂಡಿದ್ದಾಳೆ ಎಂದು ನಾನು ಕೇಳಲಿಲ್ಲ.

ಆ ವಾರ ನಾಲ್ಕು ಸಲ ಲೋಟ ಬೀಳಿಸಿದಳು. ಜಡೆ ಹಾಕಲು ಕೂರಿಸಿದರೆ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಕನ್ನಡ ಶಾಲೆಯ ಅಕ್ಕೋರು ಒಂದು ಮಧ್ಯಾಹ್ನ ಅವಳ ನೋಟ್‌ಬುಕ್ ಹಿಡಿದುಕೊಂಡು ಮನೆಗೇ ಬಂದರು. “ಇಕಿ ಅಕ್ಷರ ಎಷ್ಟ ಛಂದ ಇದ್ದೂರೀ. ಈಗ ನೋಡ್ರಿ” ಎಂದು ಪುಟ ತೆರೆದು ತೋರಿಸಿದರು. ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಹಾರಿದ್ದವು. ಕೆಲವು ಕಡೆ ಪೆನ್ಸಿಲ್ ಒತ್ತಿ ಕಾಗದ ಹರಿದಿತ್ತು. ಅಂದೂ ನಾನು ಅವಳಿಗೇ ಬೈದೆ.

ಮರುದಿನ ಊಟಕ್ಕೆ ಕೂತಾಗ ರೊಟ್ಟಿಯ ತುತ್ತು ಬಾಯಿಗೆ ಹೋಗದೆ ಕಿವಿಯ ಹತ್ತಿರ ಹೋಯಿತು. ಅವಳು ಏನೋ ಹೇಳಹೊರಟಳು. ಮಾತು ತೊದಲಿತು. ನನ್ನ ಗಂಡ ತಟ್ಟೆ ಸರಿಸಿ ಎದ್ದರು.

“ಇದು ಹಟ ಅಲ್ಲ. ನಡಿ, ಡಾಕ್ಟರ ಕಡೆ ಹೋಗೂಣು.”

ಸ್ಟೇಶನ್ ಹತ್ತಿರದ ಡಾಕ್ಟರು ವಯಸ್ಸಾದವರು. ಶಾಂತಾಳಿಗೆ ನಾಲಿಗೆ ಚಾಚಿ ಹಿಡಿ ಎಂದರು. ಹಿಡಿಯಲಾಗಲಿಲ್ಲ, ನಾಲಿಗೆ ಥಟ್ಟನೆ ಒಳಗೆ ಹೋಯಿತು. ತಮ್ಮ ಎರಡು ಬೆರಳು ಕೊಟ್ಟು ಗಟ್ಟಿಯಾಗಿ ಹಿಡಿ ಎಂದರು. ಅವಳ ಹಿಡಿತ ಬಿಗಿಯಾಯಿತು, ಸಡಿಲವಾಯಿತು, ಮತ್ತೆ ಬಿಗಿಯಾಯಿತು. ಆಕಳ ಕೆಚ್ಚಲಿನಿಂದ ಹಾಲು ಕರೆಯುವ ಕೈಯ ಹಾಗೆ.

“ಶರಾರತ್ ನಹೀ ಹೈ, ಬಾಯಿ. ಬೀಮಾರಿ ಹೈ” ಎಂದರು ಡಾಕ್ಟರು.

ತುಂಟತನವಲ್ಲ. ಕಾಯಿಲೆ.

ನನ್ನ ಅಂಗೈ ಉರಿಯತೊಡಗಿತು. ಹೊಡೆದು ಹತ್ತು ದಿನವಾಗಿತ್ತು.

ಎರಡು ಮೂರು ತಿಂಗಳ ಹಿಂದೆ ಗಂಟಲು ನೋವು, ಜ್ವರ ಬಂದಿತ್ತೇ ಎಂದು ಕೇಳಿದರು. ಬಂದಿತ್ತು. ನಾನು ಅರಿಶಿನ ಹಾಕಿ ಹಾಲು ಕಾಸಿ ಕೊಟ್ಟಿದ್ದೆ. ನಾಲ್ಕು ದಿನಕ್ಕೆ ಜ್ವರ ಬಿಟ್ಟಿತ್ತು, ಐದನೆಯ ದಿನ ಶಾಲೆಗೆ ಕಳಿಸಿದ್ದೆ. ಅದನ್ನೆಲ್ಲ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿದರು. ಆಮೇಲೆ ಸ್ಟೆತಾಸ್ಕೋಪ್ ಅವಳ ಎದೆಗೆ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ರುಮ್ಯಾಟಿಕ್ ಫೀವರ್ ಎಂದು ಅದರಲ್ಲಿತ್ತಂತೆ, ಆ ಗಂಟಲು ನೋವಿನ ಸೋಂಕಿನಿಂದ ಹುಟ್ಟುವ ಕಾಯಿಲೆ. ಕೈಕಾಲು ಕುಣಿಯುವುದಕ್ಕೆ ಕೊರಿಯಾ ಅನ್ನುತ್ತಾರಂತೆ. ಅದು ವಾಸಿಯಾಗುತ್ತದೆ, ನೋಡಬೇಕಾದದ್ದು ಹಾರ್ಟ್ ಎಂದರು.

ಅದೇ ದಿನ ವಾರ್ಡಿಗೆ ಸೇರಿಸಿಕೊಂಡರು. ಕೈಕಾಲು ಕಾಟಿನ ಕಬ್ಬಿಣಕ್ಕೆ ಬಡಿಯುತ್ತಿದ್ದವು. ನಾನು ಮನೆಯಿಂದ ಕೌದಿ ತಂದು ಸರಳುಗಳಿಗೆ ಸುತ್ತಿ ಹಳೆಯ ಸೀರೆಯಿಂದ ಕಟ್ಟಿದೆ. ಸ್ಟೀಲ್ ಲೋಟ ಹಲ್ಲಿಗೆ ತಾಗಿ ತುಟಿ ಒಡೆಯಿತು. ನನ್ನ ಗಂಡ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು, ಕಾಟಿನ ಮೇಲೆ ಕೂತು, ಅವಳ ತಲೆಯನ್ನು ತಮ್ಮ ಎದೆಗೆ ಒತ್ತಿ ಹಿಡಿಯುತ್ತಿದ್ದರು. ಆಗ ನಾನು ಚಮಚದಲ್ಲಿ ಗಂಜಿ ಹಾಕುತ್ತಿದ್ದೆ. ಅರ್ಧ ಅವರ ಅಂಗಿಯ ಮೇಲೆ.

ಇಸಿಜಿ ಆಯಿತು, ಎಕ್ಸ್‌ರೇ ಆಯಿತು, ರಕ್ತ ತೆಗೆದರು. ಮೂರನೆಯ ದಿನ ದೊಡ್ಡ ಡಾಕ್ಟರ ಹಿಂದೆ ಕಲಿಯುವ ಹುಡುಗ ಹುಡುಗಿಯರು ಬಂದರು. ಒಬ್ಬರಾದ ಮೇಲೆ ಒಬ್ಬರು ಅವಳ ಎದೆಗೆ ಕಿವಿ ಕೊಟ್ಟರು. ಪ್ರತಿಯೊಬ್ಬರೂ ಏನನ್ನೋ ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿದರು. ಒಬ್ಬರೂ ನನ್ನ ಮುಖ ನೋಡಲಿಲ್ಲ.

ಬೆಳಗಾವಿ ಕಡೆಯ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಆ ಗುಂಪಿನಲ್ಲಿದ್ದಳು. ಎಲ್ಲರೂ ಹೋದ ಮೇಲೆ ಹಿಂದಿರುಗಿ ಬಂದು ಕನ್ನಡದಲ್ಲಿ ಹೇಳಿದಳು.

“ಮರ್ಮರ್ ಅದರಿ, ಎದಿಯೊಳಗ ಒಂದು ಸಪ್ಪಳ. ಹಾರ್ಟಿನೊಳಗ ಒಂದು ವಾಲ್ವ್ ಸರಿ ಮುಚ್ಚವಲ್ದು. ರಕ್ತ ಸ್ವಲ್ಪ ಹಿಂದಕ್ಕ ಬರಾಕತ್ತೇದ.”

“ನನ್ನ ಮಗಳು ಸಾಯ್ತಾಳೇನ್ರಿ?”

“ನಾ ಹಂಗ ಹೇಳಿಲ್ಲರಿ.”

ಹಂಗಿಲ್ಲ ಅಂತಲೂ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಕಳೆದ ಐದು ವಾರಗಳಲ್ಲಿ ನನಗೆ ಎಷ್ಟು ತರದ ಹೆದರಿಕೆ ಇದೆ ಎಂದು ಗೊತ್ತಾಯಿತು. ಎಚ್ಚರವಿದ್ದಾಗ ಅವಳ ಕೈ ಕುಣಿಯುವುದನ್ನು ನೋಡಿ ಹೆದರುತ್ತಿದ್ದೆ. ಮಧ್ಯಾಹ್ನ ನಿದ್ದೆ ಹತ್ತಿದೊಡನೆ ಆ ಕುಣಿತವೆಲ್ಲ ನಿಂತು ಮೈ ಸ್ತಬ್ಧವಾಗುತ್ತಿತ್ತು. ಕಾಯಿಲೆಯ ರೀತಿಯೇ ಅದು ಎಂದು ಸಿಸ್ಟರ್ ಹೇಳಿದ್ದರೂ, ಆ ಸುಮ್ಮನಾದ ಕೈಗೆ ಇನ್ನೂ ಹೆಚ್ಚು ಹೆದರಿ, ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ. ಉಸಿರು ತಾಗಿದರೂ ಬೆರಳು ತೆಗೆಯಲು ಮನಸ್ಸಾಗುತ್ತಿರಲಿಲ್ಲ.

ಪೆನಿಸಿಲಿನ್ ಇಂಜೆಕ್ಷನ್ ಇಪ್ಪತ್ತೊಂದು ದಿನಕ್ಕೊಮ್ಮೆ. ಗಂಟಲಿಗೆ ಮತ್ತೆ ಆ ಸೋಂಕು ಬಂದರೆ ವಾಲ್ವ್ ಇನ್ನೂ ಕೆಡುತ್ತದೆ, ಅದಕ್ಕೆ. ದೊಡ್ಡವಳಾಗುವವರೆಗೂ ತಪ್ಪಿಸುವಂತಿಲ್ಲ. ಗಾಜಿನ ಸಿರಿಂಜ್ ಕುದಿಸುವ ಸದ್ದು ಕೇಳಿದರೆ ಅವಳು ನನ್ನ ಸೆರಗು ಹಿಡಿಯುತ್ತಿದ್ದಳು. ಕೆಲವರಿಗೆ ಆ ಔಷಧಿಯೇ ಆಗಿಬರುವುದಿಲ್ಲವಂತೆ. ಮೊದಲು ಚರ್ಮದೊಳಗೆ ಒಂದು ಹನಿ ಚುಚ್ಚಿ ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಆ ಅರ್ಧ ಗಂಟೆ ನಾನು ಅವಳ ಮುಖ ಬಿಟ್ಟು ಬೇರೇನನ್ನೂ ನೋಡಿದವಳಲ್ಲ.

ಒಂದು ಬೆಳಿಗ್ಗೆ ಅವಳು ಫ್ರಾಕಿನ ಒಂದು ಗುಂಡಿ ತಾನೇ ಹಾಕಿಕೊಂಡಳು. ಎರಡನೆಯದು ಆಗಲಿಲ್ಲ. ಆ ಒಂದು ಗುಂಡಿ ತೋರಿಸಲು ನಾನು ಸಿಸ್ಟರನ್ನು ವಾರ್ಡಿನ ಆ ತುದಿಯಿಂದ ಕರೆತಂದೆ.

ಮನೆಗೆ ಬಂದ ಮೇಲೂ ಹಾಸಿಗೆಯೇ. ಮೆಟ್ಟಿಲು ಹತ್ತಿಳಿಯುವಂತಿಲ್ಲ. ಇಂಜೆಕ್ಷನ್ ದಿನ ಅವರಪ್ಪ ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿಸಿ, ಮತ್ತೆ ಹತ್ತಿಸುತ್ತಿದ್ದರು. ತಿಂಗಳುಗಳು ಹೀಗೇ ಹೋದವು. ಕೈಯ ಕುಣಿತ ನಿಂತಿತು. ಮಾತು ತಿಳಿಯಾಯಿತು. ಮರ್ಮರ್ ಹಾಗೇ ಉಳಿಯಿತು. ಸಪಾಟು ನೆಲದಲ್ಲಿ ನಿಧಾನವಾಗಿ ನಡೆಯಲಿ ಎಂದು ಕೊನೆಗೆ ಡಾಕ್ಟರು ಹೇಳಿದಾಗ, ನಮಗೆ ಗೊತ್ತಿದ್ದ ಸಪಾಟು ದಾರಿ ತಲಾವಿನದೊಂದೇ.

ಮೊದಲ ಸಂಜೆ ಹತ್ತು ಹೆಜ್ಜೆಗೊಮ್ಮೆ ಕೇಳಿದೆ, “ದಮ್ಮು ಬಂತೇನ?”

“ಇಲ್ಲವ್ವಾ.”

“ಎದಿ ಹೊಡ್ಕೋತದೇನ?”

“ನೀ ಹಿಂಗ ಕೇಳಿದ್ರ ಹೊಡ್ಕೋತದ ನೋಡು.”

ಅವರಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದುದನ್ನು ಅಲ್ಲೇ ನಿಂತು ಹೇಳಿದೆ. “ಅವತ್ತ ನಾ ನಿನ್ನ ಹೊಡೀಬಾರದಿತ್ತು, ಶಾಂತಾ. ನೀ ಬೇಕಂತ ಮಾಡಾಕತ್ತೀ ಅಂದ್ಕೊಂಡಿದ್ದೆ.”

ಅವಳು ನೀರಿನ ಕಡೆ ತಿರುಗಿದಳು.

“ನನಗೂ ಹಂಗಽ ಅನಸಿತ್ತವ್ವಾ. ನಾನಽ ಬೇಕಂತ ಮಾಡಾಕತ್ತೀನೇನೋ ಅಂತ. ನಿಲ್ಲು ಅಂತ ಕೈಗೆ ಭಾಳ ಸಲ ಹೇಳಿದೆ.”

ನಾನು ಅವಳನ್ನು ಬಳಸಿಕೊಂಡೆ. ಆ ದಿನ ಅಷ್ಟಕ್ಕೇ ಹಿಂದಿರುಗಿದೆವು.

ಈಗ ಅವಳು ಶಾಲೆಗೆ ಹೋಗುತ್ತಾಳೆ. ಆಟದ ಪಿರಿಯಡ್ಡಿನಲ್ಲಿ ಕೂತಿರುತ್ತಾಳೆ. ವಾಲ್ವ್ ಮುಂದೆ ಹೇಗಿರುತ್ತದೆ ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳುವುದಿಲ್ಲ. ಪ್ರತಿ ಸಲ ಕೇಳುವುದನ್ನು ನಾನು ಬಿಟ್ಟಿದ್ದೇನೆ. ಅವಳಿಗೆ ಒಂದು ಸೀನು ಬಂದರೂ ಬಾಯಿ ತೆರೆಸಿ ಗಂಟಲು ನೋಡುತ್ತೇನೆ. ಆದರೂ ಇದ್ದಾಳೆ, ಜಡೆ ಹಾಕಿಸಿಕೊಳ್ಳುವಾಗ ಜಗಳವಾಡುತ್ತಾಳೆ. ಇದಕ್ಕೆ ಯಾರಿಗೆ ಕೈಮುಗಿಯಬೇಕೋ ತಿಳಿಯದೆ ಆ ಮುದಿ ಡಾಕ್ಟರಿಗೂ, ಆ ಬೆಳಗಾವಿ ಹುಡುಗಿಗೂ, ಮನೆಯ ದೇವರಿಗೂ ಒಟ್ಟಿಗೆ ಮುಗಿಯುತ್ತೇನೆ.

ನಿನ್ನೆ ಸಂಜೆ ಮಾತಿನ ಭರದಲ್ಲಿ ತಲಾವಿನ ಮುಕ್ಕಾಲು ಸುತ್ತು ಹೋಗಿಬಿಟ್ಟಿದ್ದೆವು. ಕಾಯಿಲೆಯಾದ ಮೇಲೆ ಅಷ್ಟು ದೂರ ಅವಳು ನಡೆದಿರಲಿಲ್ಲ. ನಾನು ಗಾಬರಿಯಾಗಿ ನಿಂತೆ. “ಸಾಕು, ಹೊಳ್ಳಿ ಹೋಗೂಣು” ಎಂದು ಬಂದ ದಾರಿಗೆ ತಿರುಗಿದೆ.

ಶಾಂತಾ ಬಂದ ದಾರಿ ನೋಡಿದಳು, ಮುಂದಿನ ದಾರಿ ನೋಡಿದಳು.

“ಹೊಳ್ಳಿದ್ರ ದೂರ ಆಗ್ತದವ್ವಾ. ಹಿಂಗಽ ಹೋದ್ರ ಮನಿ ಹತ್ರ.”

ಅದು ನಿಜವೇ ಆಗಿತ್ತು. ಅವಳ ಕೈ ಹಿಡಿದುಕೊಂಡು ಮುಂದೆ ನಡೆದೆ.