ಹುಕ್ಕು ಗಟ್ಟಿ ಐತ್ರಿ!

ಮೊನ್ನೆ ಸೀಗಿ ಹುಣ್ಣಿಮೆಯ ದಿನ ನಮ್ಮಣ್ಣ ಗಾಳಿಯಲ್ಲಿ ಟ್ರ್ಯಾಕ್ಟರ್ ಓಡಿಸಿದ.

ಸುಳ್ಳಲ್ಲ. ಹಿಂದಿನ ಗಾಲಿ ಎರಡೂ ನೆಲ ಬಿಟ್ಟು ಗರಗರ ತಿರುಗುತ್ತಿದ್ದವು. ಅಣ್ಣ ಸ್ಟೇರಿಂಗ್ ಅಪ್ಪಿಕೊಂಡಿದ್ದ. ಹಿಂದಿನ ಟ್ರೇಲರಿನಲ್ಲಿ ನಾವು ಹೆಂಗಸರು ಕಡುಬಿನ ಬುಟ್ಟಿ ಅಪ್ಪಿಕೊಂಡಿದ್ದೆವು. ಇಷ್ಟಕ್ಕೂ ಕಾರಣ ಒಂದು ಹುಕ್ಕು.

ತಿರ್ಲಾಪುರದಲ್ಲಿರುವ ನಮ್ಮಣ್ಣ ಈರಣ್ಣ ಈ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ತಂದ. ಹತ್ತಿ ಸಾಲಿನ ನಡುವೆ ಎಡೆ ಹೊಡೆದು ಕಳೆ ತೆಗೆಯೋದಕ್ಕೆ. ನೋಡಲು ಬಲು ಮುದ್ದು. (ದೊಡ್ಡ ಟ್ರ್ಯಾಕ್ಟರಿನ ಬಾಜು ನಿಲ್ಲಿಸಿದರೆ ಅದರ ಕರು ಅನ್ನಬೇಕು.) ಆದರೆ ಟ್ರೇಲರ್ ಜಗ್ಗಲು ಅದಕ್ಕೆ ಹುಕ್ಕೇ ಇರಲಿಲ್ಲ. ಹಳೇ ಮಾಲೀಕ ಬಿಚ್ಚಿಟ್ಟುಕೊಂಡಿದ್ದ.

ಇಲ್ಲದಿದ್ದರೆ ಇಲ್ಲ, ಏನೀಗ? ಏನೀಗ ಅಂದರೆ, ಅಣ್ಣ ದೊಡ್ಡವ್ವನಿಗೆ ಮಾತು ಕೊಟ್ಟುಬಿಟ್ಟಿದ್ದ.

ದೊಡ್ಡವ್ವ ನಮ್ಮ ದೊಡ್ಡಪ್ಪನ ಹೆಂಡತಿ. ಮೈ ಭಾರ, ಮೊಣಕಾಲು ನೋವು. ಸೀಗಿ ಹುಣ್ಣಿಮೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೈರಿಗೆ ಎಡೆ ತೋರಿಸಿ, ಆ ಎಡೆಯನ್ನೇ ಚರಗ ಅಂತ ಹೊಲದ ತುಂಬ ಚೆಲ್ಲಿ, ಅಲ್ಲೇ ಉಂಡು ಬರುತ್ತಾರೆ. ದೊಡ್ಡವ್ವ ಮಾತ್ರ ಕಟ್ಟೆಯ ಮೇಲೆ ಕೂತು, ಬಂದವರನ್ನೆಲ್ಲ "ಹತ್ತಿ ಎಷ್ಟ ಎತ್ತರ ಆಗೇತಿ?" ಅಂತ ಕೇಳೋದು. ಎರಿ ಹೊಲದ ಕಪ್ಪು ಕೆಸರಿನ ದಾರಿಗೆ ಆಟೋದವರು ಬರಲ್ಲ. ಬೈಕ್ ಹತ್ತಲು ಅವಳಿಗಾಗಲ್ಲ. "ಈ ಸಲ ನಿನ್ನನ್ನ ಟ್ರೇಲರಿನ್ಯಾಗ ಕರ್ಕೊಂಡ ಹೋಗೇ ಹೋಗ್ತೀನಿ" ಅಂದಿದ್ದ ಅಣ್ಣ.

ಸರಿ, ಯೂಟ್ಯೂಬ್ ತೆರೆದ. ಅಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಟ್ರ್ಯಾಕ್ಟರಿನ ಹಿಂದೆ ಚೌಕ ಪೈಪಿನ ತುಂಡು ಕೂರಿಸಿ, ಅದರೊಳಗೆ ಬೇಕಾದ ಹುಕ್ಕು ತೂರಿಸಿ ಪಿನ್ ಹಾಕುತ್ತಿದ್ದ. ಆ ಪೈಪಿನ ಹೆಸರು ರಿಸೀವರ್.

"ನಮ್ಮ ಟ್ರ್ಯಾಕ್ಟರಿಗೂ ರಿಸೀವರ್ ಹಚ್ಚಸ್ತೀನಿ" ಅಂದ.

"ಅದಕ್ಯಾಕಪಾ ಫೋನು?" ಅಂದಳು ದೊಡ್ಡವ್ವ.

ನವಲಗುಂದದ ವೆಲ್ಡಿಂಗ್ ಅಂಗಡಿಯ ಕಾಕಾ ವಿಡಿಯೋ ನೋಡಿ ನಕ್ಕರಂತೆ. "ಇಷ್ಟ ಸಣ್ಣ ಪೈಪ ಹಚ್ಚಿ ಏನ್ ಮಾಡ್ತೀರಿ? ನಾ ದಪ್ಪಂದ ಹಚ್ಚತೀನಿ. ಟ್ರ್ಯಾಕ್ಟರ್ ಮುರದೀತು, ಹುಕ್ಕ ಮುರಿಯಂಗಿಲ್ಲ ನೋಡ್ರಿ!"

ಅಣ್ಣನಿಗೆ ಇದು ಎಚ್ಚರಿಕೆ ಅನ್ನಿಸಲಿಲ್ಲ. ಗ್ಯಾರಂಟಿ ಅನ್ನಿಸಿತು.

ಹಬ್ಬಕ್ಕೆಂದು ಧಾರವಾಡದಿಂದ ಹೋಗಿ ಬಸ್ಸಿಳಿದ ನನಗೆ ಚಹಾಕ್ಕಿಂತ ಮೊದಲು ಹುಕ್ಕಿನ ದರ್ಶನ. "ಜಗ್ಗಿ ನೋಡ!" ಜಗ್ಗಿದೆ. "ಇನ್ನೂ ಜೋರ!" ಜಗ್ಗಿದೆ. ವೈನಿ, ಅಂದರೆ ಅಣ್ಣನ ಹೆಂಡತಿ, ಬಾಗಿಲಲ್ಲಿ ನಿಂತು, "ಓಣಿ ಮಂದಿ ಎಲ್ಲಾ ಜಗ್ಗಿ ಹೋಗ್ಯಾರ. ನಾ ಹೊಸ ಮೂಗತಿ ಇಟ್ಟೀನಿ, ಅದನ್ನ ಇನ್ನೂ ನೋಡಿಲ್ಲ ನಿಮ್ಮಣ್ಣ" ಅಂದರು.

ಹುಣ್ಣಿಮೆ ದಿನ ಪಕ್ಕದ ಮನೆಯವರ ಎರಡು ಗಾಲಿಯ ಟ್ರೇಲರ್ ಬಂತು. ಕುರ್ಚಿ ಇಟ್ಟು, ಮುಂದಿನಿಂದ ಇಬ್ಬರು ಜಗ್ಗಿ, ಹಿಂದಿನಿಂದ ಮೂವರು ನೂಕಿ ದೊಡ್ಡವ್ವನನ್ನು ಹತ್ತಿಸಿದೆವು. ಅವಳು ಹತ್ತಿದಲ್ಲೇ, ಹಿಂದಿನ ತುದಿಯಲ್ಲೇ ಕೂತಳು. ವೈನಿ, ನಾನು, ಓಣಿಯ ಹೆಂಗಸರು ಎಲ್ಲರೂ ಅವಳ ಸುತ್ತ. ಮುಂದೆ ಕೂತರೆ ಹೊಗೆ, ಹಿಂದೆ ತಂಪು ಗಾಳಿ. ಮೇಲಾಗಿ ದೊಡ್ಡವ್ವ ಎಲ್ಲಿರುತ್ತಾಳೋ ಊರ ಸುದ್ದಿಯೆಲ್ಲ ಅಲ್ಲೇ. ಯಾರು ಬಿಡುತ್ತಾರೆ?

ಊರು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಕಾಲುವೆಯ ಏರಿ ಹತ್ತುವಾಗ ಶುರುವಾಯಿತು.

ಮೊದಲು, ಹಿಂದೆ ಕೂತ ನಮ್ಮ ಭಾರಕ್ಕೆ ಟ್ರೇಲರಿನ ಮೂತಿ ಎದ್ದಿತು. ಬೇರೆ ಹುಕ್ಕಾಗಿದ್ದರೆ ಕಿತ್ತು ಬರುತ್ತಿತ್ತು. ಇದು ಕಾಕಾ ಹಚ್ಚಿದ ಹುಕ್ಕು, ಬಿಡಲಿಲ್ಲ. ಟ್ರ್ಯಾಕ್ಟರನ್ನೇ ಎತ್ತಿತು! ನಮ್ಮ ಟ್ರೇಲರಿನ ಹಿಂಭಾಗ ನೆಲಕ್ಕೆ ಊರಿ ನಿಂತಿತು. ಅಣ್ಣ ಮೇಲೆ, ನಾವು ಕೆಳಗೆ.

"ಯಪ್ಪಾ!" ಅಂತ ಅಣ್ಣ ಕೂಗಿದ. ಆಮೇಲೆ ಹಿಂದೆ ತಿರುಗಿ ನೋಡಿದ. ಮುಖ ಅರಳಿತು. "ಹುಕ್ಕ ನೋಡ್ರಿ, ಹೆಂಗ ಹಿಡದೈತಿ!"

"ನಿಮ್ಮ ಹುಕ್ಕಿನ ಮನಿ ಹಾಳಾಗ್ಲಿ, ಮೊದಲ ಬಂದ್ ಮಾಡ್ರಿ!" ಅಂತ ವೈನಿ ಚೀರಿದರು.

ಬಂದ್ ಮಾಡಿದ. ಬ್ರೇಕ್ ಒತ್ತಿ ಕೂತು ಕೂಗಿದ: "ಭಾರ ಇದ್ದವ್ರು ಸ್ವಲ್ಪ ಮುಂದ ಬರ್ರಿ!"

ಯಾರೂ ಅಲುಗಲಿಲ್ಲ.

ಹೇಗೆ ಅಲುಗುತ್ತಾರೆ ಹೇಳಿ? "ನಾ ಮುಂಜಾನಿಂದ ಒಂದ ಕಪ್ ಚಹಾದ ಮ್ಯಾಲ ಅದೀನಿ" ಅಂದರು ವೈನಿ. "ನಂದು ಮೈ ಅಲ್ರಿ, ಬರೇ ಗಾಳಿ" ಅಂದಳು ಇನ್ನೊಬ್ಬಳು. "ಸೀರಿ ದಪ್ಪ ಐತಿ, ಅದಕ್ಕ ಹಂಗ ಕಾಣತೈತಿ" ಅಂದಳು ಮತ್ತೊಬ್ಬಳು. ನಾನು ಮೊಬೈಲ್ ತೆಗೆದು ನೆಟ್‌ವರ್ಕ್ ಹುಡುಕತೊಡಗಿದೆ. (ನನ್ನ ತೂಕ ಇಲ್ಲಿ ಅಪ್ರಸ್ತುತ.)

ಕೊನೆಗೆ ದೊಡ್ಡವ್ವನೇ ಬಾಯಿಬಿಟ್ಟಳು. "ಸರೀರಿ ಎವ್ವಾ, ನಾ ಮುಂದ ಹೋಗ್ತೀನಿ. ಉಂಡೀನಿ, ಬೆಳದೀನಿ. ಕದ್ದ ತಂದೀನೇನ ಈ ಮೈ?"

ಮೊಣಕಾಲು ಮಡಚಲಾಗದೆ, ಕೂತಲ್ಲಿಂದಲೇ ಕುಂಡಿ ಸರಿಸುತ್ತ ಏರು ಹತ್ತಿದಳು. ನಾವು ಹಿಂದಿನಿಂದ ನೂಕಿದೆವು. ಅವಳು ಟ್ರೇಲರಿನ ನಡುಮಧ್ಯ ದಾಟಿದ್ದೇ ತಡ, ಮೂತಿ ಕೆಳಗೆ ಬಾಗಿತು. ಧಡ್! ಟ್ರ್ಯಾಕ್ಟರ್ ನೆಲಕ್ಕೆ. ಅಣ್ಣ ಸೀಟಿನಿಂದ ಗೇಣು ಮೇಲೆ ಹಾರಿ ಮತ್ತೆ ಸೀಟಿಗೇ ಬಿದ್ದ. ಆಗ ನೋಡಬೇಕಿತ್ತು, ಉಳಿದ ಹಗುರ ಹೆಂಗಸರೆಲ್ಲ ಮುಂದೆ ಓಡಿದ್ದನ್ನು!

"ನಡಿಯೋ ಈರ್ಯಾ, ಎಡಿ ಆರತೈತಿ" ಅಂದಳು ದೊಡ್ಡವ್ವ, ಮುಂದಿನ ಹಲಗೆ ಹಿಡಿದು.

ಹೊಲದಲ್ಲಿ ಅವಳನ್ನು ಇಳಿಸಿದೆವು. ಬದುವಿನ ಮೇಲೆ ಕೂತು, ಕೈಗೆ ಸಿಕ್ಕ ಹತ್ತಿಗಿಡವನ್ನು ಬುಡದಿಂದ ತುದಿಯವರೆಗೆ ತಡವಿದಳು. ಆಮೇಲೆ ನಮ್ಮ ಕಡೆ ತಿರುಗಿದಳು. "ಮೊಣಕಾಲ ಮಟ ಐತಿ ಅಂದಿದ್ರಿ. ಎದಿಮಟ ಬಂದೈತಿ! ಸುಳ್ಳಬುರುಕರು!" ಚರಗವನ್ನು ತಾನೇ ಚೆಲ್ಲಿದಳು. ಕಡುಬನ್ನು ಎಲ್ಲರಿಗಿಂತ ಹೆಚ್ಚು ತಿಂದಳು.

ವಾಪಸ್ ಹೊರಡುವಾಗ ಅಣ್ಣ, ಟ್ರೇಲರಿನ ಮುಂದಿನ ಭಾಗಕ್ಕೆ ಇಡಲು ಎರಡು ದೊಡ್ಡ ಕಲ್ಲು ಉರುಳಿಸಿಕೊಂಡು ಬಂದ.

"ಕಲ್ಲ್ಯಾಕೋ? ನಾ ಇಲ್ಲೇನ?" ಅಂದಳು ದೊಡ್ಡವ್ವ.

ಅವಳು ಹೋದಾಗಲೆಲ್ಲ "ತೂಕ ಇಳಿಸಿ, ತೂಕ ಇಳಿಸಿ" ಅನ್ನುವ ಡಾಕ್ಟರ್ ಸಾಹೇಬರೇ, ಒಂದೇ ಪ್ರಶ್ನೆ: ದೊಡ್ಡವ್ವ ತೆಳ್ಳಗಿದ್ದಿದ್ದರೆ ಅವತ್ತು ನಮ್ಮಣ್ಣನನ್ನು ಭೂಮಿಗೆ ಇಳಿಸುತ್ತಿದ್ದವರು ಯಾರು?